ಕಡಿಮೆ ಓಡಿದ ಗಾಡಿ

“ಅಜ್ಜಾರ, ಭಾಳ ಓಡಿದ ಗಾಡಿ ತಗೊಳ್ಳೂದೋ ಬ್ಯಾಡೋ?”

ಕಳಕಪ್ಪ ಮಠದ ಪಡಸಾಲೆಗೆ ಬಂದು, ಅಡ್ಡಬಿದ್ದು, ಕೂಡುವ ಮುನ್ನವೇ ಇದನ್ನು ಕೇಳಿದ. ಅವನು ಊರಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವನು. ಸೋಮವಾರ ತಪ್ಪದೆ ಮಠಕ್ಕೆ ಬರುವವನು. ತಾಯಿ ಇಲ್ಲದ ಅವನನ್ನು ಅಕ್ಕ ಸಾಕಿ ಬೆಳೆಸಿದ್ದಳು. ಆಕೆಯನ್ನು ಕೊಟ್ಟ ಊರು ಎರೆಯ, ಅಂದರೆ ಕಪ್ಪು ಮಣ್ಣಿನ ಬಯಲಿನ ಆಚೆಗಿತ್ತು. ಈಗ ಅಲ್ಲಿಯೇ ಹಾಸಿಗೆ ಹಿಡಿದಿದ್ದಳು.

ಮಠದ ಸ್ವಾಮಿಗಳಾದ ಅಜ್ಜನವರು ನಕ್ಕರು.

“ನಾ ಏರಿದ್ದು ಪಲ್ಲಕ್ಕಿ. ಅದಕ್ಕ ಮೀಟರ್ ಇರೂದಿಲ್ಲೋ, ಕಳಕಪ್ಪ. ಹೊತ್ತವರ ಹೆಗಲು ನೋಡಿ ತಿಳ್ಕೋಬೇಕು.”

ಕಳಕಪ್ಪ ನಗಲಿಲ್ಲ. “ಅಕ್ಕನ್ನ ಮನಿಗೆ ಕರಕೊಂಡು ಬರಬೇಕಂತ ಮಾಡೇನ್ರಿ. ಮಿರಗದ ಮಳಿ ಹತ್ರ ಬಂತು. ಎರಿ ದಾರಿ, ಫೋರ್‌ವೀಲ್ ಗಾಡಿನ ಬೇಕು. ಒಂದು ಸಿಕ್ಕೈತಿ, ಮನಿಮಂದಿಯೆಲ್ಲಾ ಕೂಡೂ ಅಂಥಾದ್ದು. ಆದ್ರ ಭಾಳ ಓಡೈತಿ. ಗ್ಯಾರೇಜಿನಾಂವ ತಗೋ ಅಂತಾನ. ಅಷ್ಟು ಓಡಿದ್ದನ್ನ ಯಾವ ಹುಚ್ಚ ತಗೋತಾನ ಅಂತಾನ ನನ್ನ ಹೇಣ್ತಿ ತಮ್ಮ. ಯುಗಾದಿಯಿಂದ ನೋಡಾಕತ್ತೇನ್ರಿ, ಮನಸು ಗಟ್ಟಿ ಆಗವಲ್ದು.”

ಅಜ್ಜನವರ ನಗು ನಿಂತಿತು. ಅವರು ಈ ಕತೆ ಹೇಳಿದರು.

ಒಬ್ಬ ಹತ್ತಿಯ ವ್ಯಾಪಾರಿ ಇದ್ದ. ವ್ಯಾಪಾರದಲ್ಲಿ ಅವನು ಯಾರಿಗೂ ಮೋಸ ಮಾಡಲಿಲ್ಲ, ಯಾರಿಂದಲೂ ಮೋಸ ಹೋಗಲಿಲ್ಲ. ಹತ್ತಿ ತುಂಬಿದ ಅಂಡಿಗೆ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದರೆ, ತೇವ ಎಲ್ಲಿದೆ, ಕಸ ಎಲ್ಲಿದೆ ಎಂದು ಹೇಳಿಬಿಡುತ್ತಿದ್ದ. ಇಂಥ ಬಿಗಿ ಮನುಷ್ಯ ಮಗಳ ಮಾತು ಬಂದರೆ ಬೆಣ್ಣೆಯಾಗುತ್ತಿದ್ದ. ಅವನಿಗೆ ಇದ್ದವಳು ಅವಳೊಬ್ಬಳೇ.

ಮಗಳನ್ನು ಒಳ್ಳೆಯ ಮನೆತನಕ್ಕೇ ಕೊಟ್ಟಿದ್ದ. ಆದರೆ ಆ ಊರಿಗೂ ಡಾಂಬರು ರಸ್ತೆಗೂ ನಡುವೆ ಎರೆ ಇತ್ತು. ಎರೆಯ ಗುಣವನ್ನು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಅದರ ಬಿರುಕಿನಲ್ಲಿ ಕಾಲು ಹೋಗುತ್ತದೆ, ಮಳೆಗಾಲದಲ್ಲಿ ಬಂಡಿಯೇ ಹೋಗುತ್ತದೆ.

ಮದುವೆಯಾಗಿ ವರ್ಷಗಳು ಕಳೆದವು. ಮಗಳ ಮಡಿಲು ತುಂಬಲಿಲ್ಲ. ತಾಯಿ ಹೊರದ ಹರಕೆ ಉಳಿಯಲಿಲ್ಲ. ಕೊನೆಗೆ ಒಂದು ದಿನ ಅಳಿಯನ ಫೋನು ಬಂತು, ಮಗಳು ಬಸುರಿ ಎಂದು. ವ್ಯಾಪಾರಿ ಅಂದು ಅಂಗಡಿಯ ಕದ ಹಾಕಿ, ಬಂದವರಿಗೆಲ್ಲ ಪೇಡೆ ಹಂಚಿದ. ಜಿಪುಣನ ಕೈಯಿಂದ ಪೇಡೆ ಬಂತೆಂದು ಪೇಟೆಯವರು ಎರಡು ದಿನ ಮಾತಾಡಿಕೊಂಡರು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಮೊದಲು ತವರಿನವರು ಹೋಗಿ, ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಕುಬಸ ಮಾಡಬೇಕು. ಆಮೇಲೆ ಮಗಳನ್ನು ಕರೆದುಕೊಂಡು ಬರಬೇಕು. ಅಯ್ಯನವರು ಪಂಚಾಂಗ ನೋಡಿ ದಿನ ಹೇಳಿದರು. ಆ ದಿನಕ್ಕೆ ಮಳೆಗಾಲ ಹಿಡಿದಿರುತ್ತದೆ ಎಂದು ವ್ಯಾಪಾರಿಗೆ ಗೊತ್ತಾಯಿತು. ಅವನು ಹೆದರಲಿಲ್ಲ. ಎಂಥ ರಾಡಿಯಲ್ಲಿಯೂ ಹೋಗುವ, ನಾಲ್ಕೂ ಗಾಲಿಗೆ ಬಲ ಕೊಡುವ ಗಾಡಿ ಕೊಳ್ಳುತ್ತೇನೆ ಎಂದ. ಹೊಸದಕ್ಕೆ ಕಾಯುವಷ್ಟು ಹೊತ್ತಿರಲಿಲ್ಲ. ಹಳೆಯದು ಹುಡುಕಿದ. ಎರಡು ಸಿಕ್ಕವು.

ಒಂದು, ದನದ ಡಾಕ್ಟರರದು. ಅವರಿಗೆ ನಿವೃತ್ತಿ ಹತ್ತಿರ ಬಂದಿತ್ತು. ಸೀಟು ಹರಿದಿತ್ತು, ಒಳಗೆ ಔಷಧದ ವಾಸನೆ, ಬಾಗಿಲಿಗೆ ಯಾವುದೋ ಎಮ್ಮೆ ಹಾಯ್ದ ಗುರುತು. ಮೀಟರು ನೋಡಿ ವ್ಯಾಪಾರಿ ಹುಬ್ಬೇರಿಸಿದ.

“ಭಾಳ ಓಡೈತಲ್ರಿ ಡಾಕ್ಟ್ರ.”

“ಓಡೈತಿ. ಓಡಿದ್ದಕ್ಕ, ಇದು ಓಡತೈತಿ ಅಂತ ನನಗ ಗೊತ್ತೈತಿ. ಹಿಂದಿನ ಮಳಿಯೊಳಗೂ ನಿಮ್ಮ ಮಗಳ ಊರಿಗೆ ಹೋಗಿ ಬಂದೇನಿ.”

ವ್ಯಾಪಾರಿ ಒಪ್ಪಲಿಲ್ಲ. ಬಸುರಿ ಮಗಳನ್ನು ಈ ಹರಕು ಸೀಟಿನ ಮೇಲೆ, ದನದ ವಾಸನೆಯಲ್ಲಿ ಹೇಗೆ ಕೂಡಿಸಲಿ ಎಂದುಕೊಂಡು ಎದ್ದು ಬಂದ.

ಇನ್ನೊಂದು, ಒಬ್ಬ ದೊಡ್ಡ ಹಿಡುವಳಿದಾರನದು. ಹೆಸರಿಗಾಗಿ ಕೊಂಡಿದ್ದ. ದಸರೆಗೆ ಹೊರಗೆ ತೆಗೆದು ಪೂಜೆ ಮಾಡುವುದು, ಯಾರದಾದರೂ ಲಗ್ನಕ್ಕೆ ಡಾಂಬರಿನ ಮೇಲೆ ಹೋಗಿ ಬರುವುದು, ಮತ್ತೆ ಛಪ್ಪರದೊಳಗೆ ನಿಲ್ಲಿಸುವುದು. ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕೂಡ ಹರಿದಿರಲಿಲ್ಲ. “ನಾಲ್ಕೂ ಗಾಲಿ ಕೂಡಿಸೂ ಈ ಸಣ್ಣ ಗೇರಿಗೆ ಇನ್ನೂ ಯಾರೂ ಕೈ ಹಚ್ಚಿಲ್ರಿ,” ಎಂದು ಅವನು ಹೆಮ್ಮೆಯಿಂದ ತೋರಿಸಿದ. ವ್ಯಾಪಾರಿಯೂ ಅದನ್ನು ಹೆಮ್ಮೆಯೆಂದೇ ತಿಳಿದ. ಅಂಡಿಗೆಯ ಒಳಗೆ ಕೈ ಹಾಕದೆ ಹತ್ತಿ ಕೊಳ್ಳದವನು ಅಂದು ಹೊರಗಿನ ಹೊಳಪು ನೋಡಿ ಮನಸೋತ.

ಗಾಡಿ ಮನೆಗೆ ಬಂತು. ನಾಲ್ಕು ಗಾಲಿಗೆ ನಾಲ್ಕು ಲಿಂಬೆಹಣ್ಣು ಇಟ್ಟು ಪೂಜೆ ಮಾಡಿದರು. ಹಿಂದಿನ ಸೀಟಿನ ಮೇಲೆ ಅವನು ತನ್ನ ಮದುವೆಯ ಧೋತರ ಹಾಸಿದ. ಮಗಳು ಕೂಡುವ ತನಕ ಅಲ್ಲಿ ಯಾರೂ ಕೂಡಬಾರದೆಂದ. ಗಾಡಿಯನ್ನು ಒಳಗೆ ನಿಲ್ಲಿಸಿ ಮುಸುಕು ಹಾಕಿದ. ಹೆಂಡತಿ, “ಕೂಸು ಹುಟ್ಟೂ ಮೊದಲ ಕುಲಾವಿ ಹೊಲಿಸಿದ್ರಿ,” ಎಂದು ಚೇಷ್ಟೆ ಮಾಡಿದಳು. ಅವನು ದಿನವೂ ಮಗಳಿಗೆ ಫೋನು ಮಾಡಿ ಗಾಡಿಯ ಸುದ್ದಿ ಹೇಳುತ್ತಿದ್ದ. ಅದರ ಬಣ್ಣ ಹೇಳಿದ, ಸೀಟು ಹೇಳಿದ. ನೀನು ಕೂಡುವ ತನಕ ಹಿಂದಿನ ಸೀಟಿನಲ್ಲಿ ಯಾರನ್ನೂ ಕೂಡಿಸುವುದಿಲ್ಲ ಎಂದ. ಮಗಳು ನಗುತ್ತಿದ್ದಳು. ಒಂದು ದಿನ, ಅವ್ವನ ಕೈಯ ಕೆಂಪು ಚಟ್ನಿ ತಿನ್ನಬೇಕು ಅನಿಸಿದೆ, ಬಂದು ಹೋಗಿರಿ ಎಂದಳು.

ತಾಯಿ ಅಂದೇ ಚಟ್ನಿ ಅರೆದಳು. “ನಡೀರಿ, ಹೆಂಗರ ಮಾಡಿ ಹೋಗಿ ಮಾರಿ ನೋಡಿ ಬರೂಣು,” ಎಂದಳು. ವ್ಯಾಪಾರಿ ಬೇಡವೆಂದ. ಗಾಡಿಯ ಮೊದಲ ಸವಾರಿ ಕುಬಸದ ದಿನವೇ ಆಗಬೇಕು. ಹಸಿರು ಸೀರೆ ಉಡಿಸಿ, ಊರ ಮುಂದೆ ಮೆರೆಸಿಕೊಂಡು ತರುತ್ತೇನೆ. ಅಲ್ಲಿಯವರೆಗೆ ಸುಮ್ಮನಿರು ಎಂದ. ಆಕೆ ಸುಮ್ಮನಾದಳು. ಮಗಳೂ ಸುಮ್ಮನಾದಳು. ಅಪ್ಪ ಬರುತ್ತಾನೆ, ಗಾಡಿ ತರುತ್ತಾನೆ ಎಂದು ಓಣಿಯ ಹೆಂಗಸರಿಗೆಲ್ಲ ಹೇಳಿಕೊಂಡಳು.

ನನಗೆ ಆ ವ್ಯಾಪಾರಿಯ ಮೇಲೆ ಸಿಟ್ಟು ಬರುವುದಿಲ್ಲ. ಮಗಳ ಮೇಲೆ ಪ್ರೀತಿ ಇಲ್ಲದವನಾಗಿದ್ದರೆ ಬಯ್ದು ಕೈತೊಳೆದುಕೊಳ್ಳಬಹುದಿತ್ತು. ಅವಳೆಂದರೆ ಅವನಿಗೆ ಪ್ರಾಣ. ಅದೇ ಸಂಕಟ.

ಕುಬಸಕ್ಕೆ ಇನ್ನೂ ದಿನಗಳಿದ್ದವು. ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಅಳಿಯನ ಫೋನು ಬಂತು. ಹೊತ್ತಲ್ಲದ ಹೊತ್ತಿನಲ್ಲಿ ಮಗಳಿಗೆ ಹೊಟ್ಟೆ ನೋವು ಎದ್ದಿದೆ, ರಕ್ತ ಹೋಗುತ್ತಿದೆ, ಟ್ರ್ಯಾಕ್ಟರಿನಲ್ಲಿ ಗಾದಿ ಹಾಸಿ ಕರೆತರುತ್ತೇನೆ ಎಂದ.

“ಟ್ರ್ಯಾಕ್ಟರ್‌ನ್ಯಾಗ ನನ್ನ ಮಗಳು ಕುಲುಕಾಡೂದು ಬ್ಯಾಡ,” ಎಂದ ವ್ಯಾಪಾರಿ. “ಗಾಡಿ ಐತಿ. ನಾ ಹೊಂಟೆ.”

ಅಳಿಯ ಮಾವನ ಮಾತು ಮೀರಲಿಲ್ಲ. ಟ್ರಾಲಿ ಹೂಡಿದ ಟ್ರ್ಯಾಕ್ಟರನ್ನು ಬಿಚ್ಚಿ ನಿಲ್ಲಿಸಿ ಕಾದ.

ವ್ಯಾಪಾರಿ ಮುಸುಕು ಕಿತ್ತು, ಡ್ರೈವರನನ್ನು ಕರೆದುಕೊಂಡು ಹೊರಟ. ಹೆಂಡತಿ ಚಟ್ನಿಯ ಡಬ್ಬಿ ಹಿಡಿದು ಹತ್ತಿದಳು. ಆ ಹೊತ್ತಿನಲ್ಲಿ ಯಾರು ಚಟ್ನಿ ತಿನ್ನುತ್ತಾರೆ ಎಂದು ಆಕೆಗೂ ಗೊತ್ತಿತ್ತು. ತಾಯಿಯ ಕೈ, ಬಿಡಲಿಲ್ಲ. ಹಾಸಿದ ಧೋತರ ಮುದುಡದ ಹಾಗೆ ಸೀಟಿನ ಅಂಚಿಗೆ ಕೂತಳು.

ಡಾಂಬರು ಮುಗಿದು ಎರೆ ಬಂತು. ಸ್ವಲ್ಪ ದೂರ ಹೋಗುವುದರೊಳಗೆ ಹಿಂದಿನ ಗಾಲಿಗಳು ನಿಂತಲ್ಲೇ ತಿರುಗಿದವು. ಡ್ರೈವರ್ ಸಣ್ಣ ಗೇರಿಗೆ ಕೈ ಹಾಕಿದ. ಅದು ಬೀಳಲಿಲ್ಲ. ಮತ್ತೆ ಎಳೆದ, ಬೀಳಲಿಲ್ಲ. ವ್ಯಾಪಾರಿಯೂ ಎರಡು ಕೈಯಿಂದ ಜಗ್ಗಿದ. ಗೋಡೆಗೆ ಬಡಿದ ಗೂಟದ ಹಾಗೆ ಅದು ನಿಂತಿತ್ತು. ಮಗಳ ಊರಿನ ಬೇವಿನ ಮರಗಳು ಅಲ್ಲಿಂದ ಕಾಣುತ್ತಿದ್ದವು. ಅಳಿಯನಿಗೆ ಟ್ರ್ಯಾಕ್ಟರ್ ತರಲು ಹೇಳಿರೆಂದು ಹೆಂಡತಿ ಬೇಡಿಕೊಂಡಳು. “ತಡಿ, ಈಗ ಬೀಳತೈತಿ, ತಡಿ,” ಎಂದ ಅವನು. ಕೆಳಗಿಳಿದು ನೂಕಿದ. ಮೊಣಕಾಲ ತನಕ ರಾಡಿಯಲ್ಲಿ ನಿಂತು ಹೆಗಲು ಕೊಟ್ಟ. ಗಾಡಿ ಇನ್ನಷ್ಟು ಹೂತಿತು. ಬೀಳುತ್ತದೆ, ಬೀಳುತ್ತದೆ ಎನ್ನುತ್ತಲೇ ಹೊತ್ತು ಹೋಯಿತು.

ಆಗ ಹಿಂದಿನಿಂದ ದನದ ಡಾಕ್ಟರು ಬಂದರು. ಅವರ ಗಾಡಿಯನ್ನು ಯಾರೂ ಕೊಂಡಿರಲಿಲ್ಲ. ಕರು ಅಡ್ಡ ತಿರುಗಿದ ಆಕಳೊಂದನ್ನು ನೋಡಲು ಹೊರಟಿದ್ದರು. ಏನು ಎತ್ತ ಎಂದು ಕೇಳುತ್ತ ನಿಲ್ಲಲಿಲ್ಲ. ಗಂಡ ಹೆಂಡತಿಯನ್ನು ಹತ್ತಿಸಿಕೊಂಡು, ಸಣ್ಣ ಗೇರು ಹಾಕಿ, ರಾಡಿಯನ್ನು ಸೀಳಿಕೊಂಡು ಹೋದರು. ಮನೆಯ ಬಾಗಿಲಲ್ಲಿ ಅಳಿಯ ಮಗಳನ್ನು ಎತ್ತಿಕೊಂಡೇ ನಿಂತಿದ್ದ. ತಾಯಿಯ ತೊಡೆಯ ಮೇಲೆ ಅವಳ ತಲೆ ಇಟ್ಟು ಮಲಗಿಸಿದರು. ಅಳಿಯ ಅವಳ ಕಾಲು ಹಿಡಿದು ಕೂತ. ಗಾಡಿ ಪೇಟೆಯ ಕಡೆಗೆ ತಿರುಗಿತು.

ನಡುದಾರಿಯಲ್ಲಿ ಮಗಳು ಕಣ್ಣು ತೆರೆದಳು.

“ಯವ್ವಾ, ಇದ ಏನು ಅಪ್ಪನ ಗಾಡಿ?”

ತಾಯಿ ಮುಂದೆ ಕೂತ ಗಂಡನ ಬೆನ್ನು ನೋಡಿದಳು. ಆ ಬೆನ್ನು ತಿರುಗಲಿಲ್ಲ. ಡಾಕ್ಟರು ದಾರಿ ನೋಡುತ್ತ ನಡೆಸುತ್ತಿದ್ದರು.

“ಹೂಂ ನನ್ನವ್ವಾ. ಇದ.”

ಮಗಳು ಹರಿದ ಸೀಟಿನ ಮೇಲೆ ಕೈಯಾಡಿಸಿದಳು. “ಚಲೋ ಐತಿ,” ಎಂದಳು. ಮತ್ತೆ ಮಾತಾಡಲಿಲ್ಲ.

ಗಾಡಿ ದವಾಖಾನೆಯ ಮುಂದೆ ನಿಂತಾಗ ಮಗಳು ಇರಲಿಲ್ಲ. ಹೊಟ್ಟೆಯೊಳಗಿನ ಕೂಸೂ ಇರಲಿಲ್ಲ. ಹಸಿರು ಸೀರೆಯನ್ನು ಮನೆಯಿಂದ ತಂದು ಮಣ್ಣಿಗೆ ಕೊಡುವಾಗ ಉಡಿಸಿದರು. ತಾಯಿ ಬಳೆ ಇಡಿಸಿದಳು. ಆ ಹೆಣ್ಣಿಗೆ ಆದ ಕುಬಸ ಅದೊಂದೇ.

ಹೂತ ಗಾಡಿಯನ್ನು ಎತ್ತು ಹೂಡಿ ಎಳೆಸಿದರು. ಗ್ಯಾರೇಜಿನವನು ಎಣ್ಣೆ ಬಿಟ್ಟು, ತಟ್ಟಿ, ಸಂಜೆಯೊಳಗೆ ಸಣ್ಣ ಗೇರು ಬಿಡಿಸಿಕೊಟ್ಟ. ಏನೂ ಮುರಿದಿರಲಿಲ್ಲ. ಆಗೀಗ ಹಾಕಿ ತೆಗೆಯಬೇಕಿತ್ತು, ಯಾರೂ ಒಮ್ಮೆಯೂ ಹಾಕಿರಲಿಲ್ಲ, ಹಿಡಿದುಕೊಂಡಿತ್ತು. ಅಷ್ಟೇ ಎಂದ.

ವ್ಯಾಪಾರಿ ಆ ಗಾಡಿಯನ್ನು ಮಾರಲಿಲ್ಲ, ಎಲ್ಲಿಗೂ ಒಯ್ಯಲೂ ಇಲ್ಲ. ದಿನಾ ಮುಂಜಾನೆ ಸ್ನಾನ ಮಾಡಿ ಬಂದು, ನಿಂತ ಗಾಡಿಯೊಳಗೆ ಕೂಡುತ್ತಾನೆ. ಸಣ್ಣ ಗೇರು ಹಾಕುತ್ತಾನೆ, ತೆಗೆಯುತ್ತಾನೆ. ಈಗ ಅದು ಒಂದೇ ಬೆರಳಿಗೆ ಬೀಳುತ್ತದೆ. ಹೆಂಡತಿ ಅಡುಗೆ ಮನೆಯಲ್ಲಿ ಆ ಸದ್ದು ಕೇಳುತ್ತ ಕೂತಿರುತ್ತಾಳೆ. ಸದ್ದು ನಿಂತ ಮೇಲೆ ಅವನಿಗೆ ರೊಟ್ಟಿ ಹಾಕುತ್ತಾಳೆ.

ಅಜ್ಜನವರು ಕತೆ ನಿಲ್ಲಿಸಿದರು. ಕಳಕಪ್ಪ ಟವೆಲಿನಿಂದ ಕಣ್ಣು ಒರೆಸಿಕೊಂಡ. ಆಮೇಲೆ ದೊಡ್ಡ ಭಾರ ಇಳಿದವನ ಹಾಗೆ ಉಸಿರು ಬಿಟ್ಟ.

“ತಿಳೀತ್ರಿ ಅಜ್ಜಾರ. ಆ ಓಡಿದ ಗಾಡಿನ ತಗೋತೇನಿ. ಸಣ್ಣ ಗೇರು ಹಾಕಿ, ತೆಗೆದು, ಪರೀಕ್ಷಾ ಮಾಡೇ ತಗೋತೇನಿ. ನಾಳೆ ಮಾತು ಮುಗಸ್ತೇನಿ. ಕಾಗದಪತ್ರ ಆಗಾಕ ಇನ್ನೊಂದಿಷ್ಟು ದಿನ ಹಿಡೀತಾವು. ಅವು ಆದ ಕೂಡಲೆ ಅಕ್ಕನ್ನ ನೋಡಾಕ ಹೋಗ್ತೇನ್ರಿ.”

ಅಜ್ಜನವರು ಅವನ ಮುಖವನ್ನೇ ನೋಡಿದರು.

“ಮಳಿ ಹಿಡಿಯೂ ತನಕ ಅಕ್ಕನ ಊರಿಗೆ ದಿನಾ ಬಸ್ಸು ಐತಲ್ಲೋ, ಕಳಕಪ್ಪ.”