ಇಳಿಯದ ಉಪ್ಪಿನ ಭರಣಿ

ಬೇರಿಗೆ ನೀರಾಗಿ, ಎಲೆಗೆ ಬೆಳಕಾಗಿ ಬರುವ ಒಡೆಯನಿಗೆ ಶರಣು. ಅವನು ನುಡಿಸಿದಷ್ಟನ್ನು ಹೇಳುತ್ತೇನೆ. ತಪ್ಪಿದರೆ ಅದು ನನ್ನ ನಾಲಗೆಯದು.

ಮಲ್ಲಿನಾಥನೆಂಬ ಶಿಷ್ಯ ಗುರುಗಳನ್ನು ಕೇಳಿದ: "ಗುರುಗಳೇ, ದೇವರ ಕೃಪೆ ಬಿಸಿಲಿನಂತೆ ಎಲ್ಲರ ಮೇಲೂ ಬೀಳುತ್ತದೆ ಎನ್ನುತ್ತೀರಿ. ಹಾಗಿದ್ದರೆ ಅದರಲ್ಲೇ ನಿಂತು ನಾನೇಕೆ ಒಣಗುತ್ತಿದ್ದೇನೆ? ಜಪ ಹೆಚ್ಚಿಸಿದೆ, ಉಪವಾಸ ಹೆಚ್ಚಿಸಿದೆ. ಹೆಚ್ಚಿಸಿದಷ್ಟೂ ಒಳಗೆ ಬರಿದಾಗುತ್ತಿದೆ. ಇರುವುದು ಒಂದೇ ಸಮಾಧಾನ. ಮೂರು ವರ್ಷದಿಂದ ಕಣ್ಣಲ್ಲಿ ಒಂದು ಹನಿ ಬಂದಿಲ್ಲ. ಹೆತ್ತ ತಾಯಿ ಹೋದಾಗಲೂ ಬರಲಿಲ್ಲ. ಮಠಕ್ಕೆ ಬರುವವರು ಅದನ್ನೊಂದು ಸಿದ್ಧಿಯೆಂದು ಕೈಮುಗಿಯುತ್ತಾರೆ."

ಗುರುಗಳು ಈ ಕತೆ ಹೇಳಿದರು.

ಕಡಲಿನ ಹತ್ತಿರ ಒಬ್ಬ ತೋಟಗಾರನಿದ್ದ. ಅವನಿಗೂ ಹೆಂಡತಿಗೂ ಮಕ್ಕಳಿರಲಿಲ್ಲ. ತಲೆ ನರೆತ ಮೇಲೆ ಇಬ್ಬರೂ ಸೇರಿ ಮನೆಯ ಮುಂದೆ ಹದಿನೆಂಟು ಗೇರು, ಏಳು ಮಾವಿನ ಕಸಿ ಗಿಡ ನೆಟ್ಟರು.

"ಇವು ಹಣ್ಣು ಬಿಡುವ ಹೊತ್ತಿಗೆ ನಾವಿರುತ್ತೇವೋ ಇಲ್ಲವೋ" ಎಂದ ಗಂಡ.

"ಇರದಿದ್ದರೆ ಏನಾಯಿತು? ಹಾದಿಯಲ್ಲಿ ಹೋಗುವವರು ತಿನ್ನಲಿ. ಇದನ್ನು ನೆಟ್ಟವರು ಯಾರು ಅಂತ ಒಬ್ಬರಾದರೂ ಕೇಳುತ್ತಾರೆ" ಎಂದಳು ಹೆಂಡತಿ.

ಮನೆಗೆ ಇದ್ದದ್ದು ಒಂದೇ ಬಾವಿ. ಕುಡಿಯಲು ಅದೇ ನೀರು, ಅಡುಗೆಗೂ ಅದೇ, ಗಿಡಕ್ಕೂ ಅದೇ. ಗಿಡಕ್ಕೆ ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ. ಪ್ರತಿ ಕೊಡಕ್ಕೂ ದೇವರ ನಾಮ ಹೇಳಿ ಹೊಯ್ಯುತ್ತಿದ್ದರು. ಆ ವರ್ಷ ಮಳೆ ಬಂದಂತೆ ಮಾಡಿ ಹೋಯಿತು. ಅವರು ಇನ್ನೂ ಹೆಚ್ಚು ಸೇದಿದರು.

ಒಂದು ದಿನ ಹೆಂಡತಿ ಉಪ್ಪಿನ ಭರಣಿಯ ಮುಚ್ಚಳ ತೆಗೆದು ಗಂಡನನ್ನು ಕರೆದಳು.

"ಇಲ್ಲಿ ನೋಡಿ. ಪ್ರತಿ ವರ್ಷ ಇಷ್ಟು ಹೊತ್ತಿಗೆ ತಳ ಕಾಣುತ್ತಿತ್ತು. ಈ ಸಲ ಕಾಲು ಭಾಗವೂ ಇಳಿದಿಲ್ಲ."

"ನನಗೆ ಉಪ್ಪಿಲ್ಲದ ಗಂಜಿ ಹಾಕುತ್ತಿದ್ದೀಯೇನೇ?"

"ಒಂದು ದಿನವಾದರೂ ಸಪ್ಪೆ ಎನಿಸಿತೇ?"

"ಇಲ್ಲಪ್ಪ. ರುಚಿಯಾಗಿಯೇ ಇದೆ."

"ಮತ್ತೆ! ದೇವರು ನಮ್ಮ ಭರಣಿಯಲ್ಲಿ ಕೈಯಿಟ್ಟಿದ್ದಾನೆ."

ಅಂದಿನಿಂದ ಅವಳು ದಿನವೂ ಭರಣಿಯ ಮೇಲೆ ಒಂದು ಹೂವಿಟ್ಟಳು. ನೆರೆಮನೆಯ ಹೆಂಗಸರು ಬಂದು ಭರಣಿ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದರು.

ಅದೇ ತಿಂಗಳು ಗಿಡಗಳ ಎಲೆಯ ಅಂಚು ಕಂದಿತು. ಬಾಯಾರಿಕೆಯಿರಬೇಕು ಎಂದುಕೊಂಡರು. ಎರಡು ಕೊಡ ನಾಲ್ಕಾಯಿತು. ಕಂದು ಅಂಚಿನಿಂದ ಒಳಕ್ಕೆ ಸರಿಯಿತು. ನಾಲ್ಕು ಆರಾಯಿತು. ಬೇಲಿಯ ಬದಿಯ ಹಳೆಯ ತೆಂಗು ಮಾತ್ರ ಹಸಿರಾಗಿಯೇ ನಿಂತಿತ್ತು. ಹಾಗಾಗಿ ನೀರಿನ ಮೇಲೆ ಅವರಿಗೆ ಅನುಮಾನವೇ ಬರಲಿಲ್ಲ.

ಆ ಗಿಡಗಳಿಗೆ ಕಸಿ ಕಟ್ಟಿ ಕೊಟ್ಟವನು ಒಂದು ಮಧ್ಯಾಹ್ನ ಆ ಹಾದಿಯಾಗಿ ಬಂದ. ಜಗಲಿಯಲ್ಲಿ ಕುಳಿತು ನೀರು ಕೇಳಿದ. ಒಂದು ಗುಟುಕು ಬಾಯಿಗೆ ಹಾಕಿದವನೇ ಅಂಗಳಕ್ಕೆ ಉಗಿದ.

"ಅಕ್ಕಾ, ನಾನು ನೀರು ಕೇಳಿದರೆ ನೀನು ಸಾರು ಕೊಟ್ಟೆಯಲ್ಲ!"

ಅವಳು ನಕ್ಕಳು. ಅವನು ನಗಲಿಲ್ಲ. ಎದ್ದು ಹೋಗಿ ಒಂದೊಂದು ಗಿಡದ ಎಲೆಯನ್ನೂ ಮಗುಚಿ ನೋಡಿದ.

"ಕಡಲು ನೆಲದೊಳಗಿನಿಂದ ನಿಮ್ಮ ಬಾವಿಗೆ ಬಂದಿದೆ. ನೀವು ಸೇದಿದಷ್ಟೂ ಹತ್ತಿರ ಬಂದಿದೆ. ಇಷ್ಟಿಷ್ಟೇ ಬಂದದ್ದರಿಂದ ನಿಮ್ಮ ನಾಲಗೆಗೆ ತಿಳಿಯಲಿಲ್ಲ."

"ನೀರಲ್ಲೇ ನಿಂತಿವೆ. ಬಿಸಿಲಿಗೂ ಕೊರತೆಯಿಲ್ಲ. ಒಣಗುವುದೇಕೆ ಮಾರಾಯ?" ಎಂದ ತೋಟಗಾರ.

"ಉಪ್ಪು ನೀರನ್ನು ಎಳೆಯ ಬೇರು ಎಳೆದುಕೊಳ್ಳಲಾರದು. ಆಗ ಎಲೆ ಹೆದರುತ್ತದೆ. ಇರುವ ಪಸೆಯಾದರೂ ಉಳಿಯಲಿ ಅಂತ ತನ್ನ ಸಣ್ಣ ಸಣ್ಣ ಬಾಯಿಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಬಾಯಿ ಮುಚ್ಚಿದರೆ ಗಾಳಿ ಒಳಗೆ ಹೋಗುವುದಿಲ್ಲ. ಎಲೆ ಅನ್ನ ಮಾಡುವುದು ಬಿಸಿಲಿನ ಒಲೆಯ ಮೇಲೆ, ಗಾಳಿಯನ್ನೂ ನೀರನ್ನೂ ಬೇಯಿಸಿ. ಒಲೆ ಉರಿಯುತ್ತಲೇ ಇದೆ, ಪಾತ್ರೆಯಲ್ಲಿ ಏನೂ ಇಲ್ಲ. ಏನಾಗುತ್ತದೆ ಅಕ್ಕಾ?"

"ಪಾತ್ರೆಯೇ ಸುಡುತ್ತದೆ" ಎಂದಳು ಅವಳು ಮೆಲ್ಲಗೆ.

"ಅದೇ ಆದದ್ದು. ಅನ್ನವಾಗಬೇಕಿದ್ದ ಬೆಳಕೇ ಇವನ್ನು ಸುಟ್ಟಿತು. ಮುದಿ ತೆಂಗು ಉಪ್ಪು ತಾಳುತ್ತದೆ. ಇವು ಕೂಸುಗಳು."

"ಈಗೇನು ಮಾಡಲಿ, ಹೇಳು. ಮಾಡುತ್ತೇನೆ" ಎಂದ ತೋಟಗಾರ.

"ಮೊದಲ ಎಲೆಯ ಅಂಚು ಕಂದಿದಾಗಲೇ ಬೇರೆ ಕಡೆಯಿಂದ ಸಿಹಿನೀರು ಹೊತ್ತು ತಂದು ಮಣ್ಣು ತೊಳೆಯಬೇಕಿತ್ತು" ಎಂದ ಅವನು. ತನ್ನ ಚೀಲ ಹೆಗಲಿಗೇರಿಸಿಕೊಂಡ.

ಹೆಂಡತಿ ಒಳಗೆ ಹೋದಳು. ಗಂಜಿಗೆ ಉಪ್ಪು ಹಾಕುತ್ತಿದ್ದ ಕೈ ಹಿಡಿಯಿಂದ ಚಿಟಿಕೆಗೆ ಯಾವಾಗ ಇಳಿಯಿತು, ಆ ಚಿಟಿಕೆಯನ್ನೂ ಯಾವಾಗ ಬಿಟ್ಟಿತು ಎಂದು ನೆನೆದಳು. ನೆನಪಾಗಲಿಲ್ಲ. ಭರಣಿಯ ಮೇಲಿಂದ ಬೆಳಗಿನ ಹೂವು ತೆಗೆದಳು. ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ನಿಂತಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಗಿಡಗಳು, ಗುರುಗಳೇ?" ಎಂದ ಮಲ್ಲಿನಾಥ.

"ಇಪ್ಪತ್ತೈದರಲ್ಲಿ ಒಂದೂ ಉಳಿಯಲಿಲ್ಲ. ಮರುವರ್ಷ ಮಳೆ ಬಹಳ ಚೆನ್ನಾಗಿ ಬಂತು."

ಶಿಷ್ಯನಿಗೆ ತಡೆಯಲಾಗಲಿಲ್ಲ. "ಎಂಥ ಮಂಕು! ಭರಣಿ ದಿನವೂ ಕಣ್ಣೆದುರಿಗೇ ಇತ್ತಲ್ಲ. ಅದನ್ನು ವರವೆಂದು ಹೇಗೆ ತಿಳಿದರು?"

ಗುರುಗಳು ಹೇಳಿದರು: "ಮೂರು ವರ್ಷದಿಂದ ಇಳಿಯದ ನಿನ್ನ ಕಣ್ಣಿನ ಉಪ್ಪಿಗೆ ಹೂವಿಡುತ್ತಿರುವವರು ಯಾರಪ್ಪಾ?"

ಮಲ್ಲಿನಾಥ ತನ್ನ ಒಣ ಕಣ್ಣನ್ನು ಬೆರಳಿಂದ ಮುಟ್ಟಿ ನೋಡಿಕೊಂಡ.

ಕೇಳಿದ ನಿಮ್ಮೆಲ್ಲರ ಬಾವಿ ಸಿಹಿಯಾಗಿರಲಿ. ಕೆಟ್ಟಿದ್ದರೆ, ಒಂದು ಗುಟುಕು ಕುಡಿದು ಉಗಿಯುವ ಅತಿಥಿಯನ್ನು ಒಡೆಯನು ನಿಮ್ಮ ಜಗಲಿಗೆ ಹೊತ್ತು ಮೀರುವ ಮುನ್ನ ಕಳುಹಿಸಲಿ.