ಓತಿಕ್ಯಾತನ ಸಂದರ್ಶನ

ಕಾಡುಕಾಡುಗಳ ನಡುವೆ ರಾಯಭಾರ ಮಾಡುವುದನ್ನು ಕಲಿಸುವ ದೊಡ್ಡ ಶಾಲೆಯೊಂದಿತ್ತು. ಅಲ್ಲಿ ಉಳಿದಿದ್ದ ಒಂದೇ ಸೀಟಿಗೆ ಓತಿಕ್ಯಾತ ಅರ್ಜಿ ಹಾಕಲು ಹೊರಟಿತು.

"ಇರುವೆಗೂ ಗೆದ್ದಲಿಗೂ ರಾಜಿ ಮಾಡಿಸಿದವನು ನೀನೇ ಅಲ್ಲವೇನೋ? ಅದನ್ನೇ ಬರಿ ಮಾರಾಯ. ಬೇಲಿಗೂಟ ಕಣ್ಣಾರೆ ಕಂಡಿದೆ," ಎಂದಿತು ಗೆಳೆಯ ಅಳಿಲು.

"ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ ಅಂತ ಊರೆಲ್ಲ ನಗುತ್ತೆ. ಅರ್ಜಿ ಗಟ್ಟಿಯಾಗಬೇಕಾದರೆ ದೊಡ್ಡವರ ಶಿಫಾರಸು ಬೇಕು ಕಣೋ," ಎಂದಿತು ಓತಿಕ್ಯಾತ.

ಅದು ನವಿಲಿನ ಮುಂದೆ ಹೋಗಿ ನೀಲಿಯಾಯಿತು. ಹುಲಿಯ ಮುಂದೆ ಮೈತುಂಬ ಪಟ್ಟೆ ಬರಿಸಿಕೊಂಡಿತು. "ಥೇಟ್ ನಮ್ಮಂಥವನೇ" ಎಂದು ಇಬ್ಬರೂ ಖುಷಿಯಿಂದ ಬರೆದುಕೊಟ್ಟರು. ರಾಜಿಯ ಸುದ್ದಿ ಮಾತ್ರ ಅರ್ಜಿಯಲ್ಲಿ ಬರಲೇ ಇಲ್ಲ.

ಸಂದರ್ಶನದ ದಿನ ಓತಿಕ್ಯಾತ ಬೆಂಚಿನ ಮೇಲೆ ಕೂತಿತು. ಅಭ್ಯಾಸಬಲ ನೋಡಿ, ಬೆಂಚಿನ ಬಣ್ಣಕ್ಕೇ ತಿರುಗಿತು.

"ಓತಿಕ್ಯಾತ ಎಲ್ಲಿ?" ಎಂದಿತು ಮುಖ್ಯಗುರು ಆಮೆ.

"ಇಲ್ಲೇ ಇದ್ದೇನೆ, ಸ್ವಾಮಿ."

ಆಮೆ ಕತ್ತು ಚಾಚಿ ಅತ್ತಿತ್ತ ನೋಡಿತು. "ಇದ್ದರೆ ಹೇಳು, ನೀನು ಎಂಥವನು?"

"ತಾವು ಎಂಥವನು ಅಂದರೆ ಅಂಥವನು, ಸ್ವಾಮಿ."

"ಓಹೋ, ಬೆಂಚು ಮಾತಾಡುತ್ತಿದೆ," ಎಂದಿತು ಆಮೆ. "ಬೆಂಚುಗಳು ನಮ್ಮಲ್ಲಿ ಬೇಕಾದಷ್ಟಿವೆ. ಮುಂದಿನವರು ಬನ್ನಿ."