ಬಿಚ್ಚಿದ ಸುತ್ತು

ಮಾರ್ಗಶಿರ ಬಹುಳ ತದಿಗೆ, ಗುರುವಾರ. ಬೆಳಿಗ್ಗೆ ಮಂಜಿತ್ತು, ಹೊತ್ತೇರಿದ ಮೇಲೆ ಒಣ ಬಿಸಿಲು.

ಪಾಠ ಮುಗಿದು ಎಲ್ಲರೂ ಎದ್ದುಹೋದರು. ಶಿಷ್ಯನೊಬ್ಬ ಮಾತ್ರ ಕುಳಿತೇ ಇದ್ದ. ಗುರುಗಳು ಅವನ ಕಡೆ ನೋಡಿದಾಗ ಅವನು ನೆಲ ನೋಡುತ್ತ ಕೇಳಿದ:

"ಗುರುಗಳೇ, ತಪ್ಪು ನನ್ನದು, ಅದರ ಫಲವನ್ನೂ ನಾನೇ ಉಣ್ಣುತ್ತೇನೆ ಎಂದುಕೊಂಡವನು ಅದನ್ನು ನಾಲ್ಕು ಜನರ ಮುಂದೆ ಹೇಳಲೇಬೇಕೆ?"

"ಏನು ತಪ್ಪು?"

ಶಿಷ್ಯ ಹೇಳಿದ. ಇನ್ನು ಮೇಲೆ ಕಿರಿಯರಿಗೆ ಇವನೇ ಪಾಠ ಹೇಳಲಿ ಎಂದು ಗುರುಗಳು ಎಲ್ಲರೆದುರಿಗೆ ಹೇಳಿ ಬಹಳ ದಿನವಾಗಿರಲಿಲ್ಲ. ಅವನು ಹೇಳಿದ ಮೊದಮೊದಲ ಪಾಠದಲ್ಲೇ ಒಂದು ಪದ್ಯದ ಅರ್ಥ ತಲೆಕೆಳಗಾಗಿತ್ತು. ಅದು ಅವನಿಗೆ ತಿಳಿದದ್ದು ಆಮೇಲೆ, ಇನ್ನೇನನ್ನೋ ಓದುವಾಗ. ಅಷ್ಟರಲ್ಲಿ ಕಿರಿಯರು ಅದನ್ನು ಬಾಯಿಪಾಠ ಮಾಡಿ ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದರು. ತಿದ್ದಬೇಕೆಂದು ಹೋದವನು ಬಾಗಿಲಲ್ಲಿ ನಿಂತು ಅವರ ದನಿ ಕೇಳಿ ಹಿಂದಿರುಗಿದ್ದ.

"ಹೇಳಿದರೆ ಅವರ ಮುಂದೆ ಮತ್ತೆ ಮುಖವೆತ್ತಲಾರೆ. ಪಾಪ ಬಂದರೆ ನನಗೇ ಬರಲಿ" ಎಂದ.

ಗುರುಗಳು ಸರಿ ಎನ್ನಲಿಲ್ಲ, ಸರಿಯಲ್ಲ ಎಂದೂ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಮರ ಹತ್ತಿ ಕೊಂಬೆ ಕಡಿಯುವವರ ಒಂದು ಗುಂಪಿತ್ತು. ಮನೆಯ ಮಾಡಿನ ಮೇಲೆ ಬಾಗಿದ ಕೊಂಬೆ, ಬಾವಿಗೆ ಎಲೆ ಉದುರಿಸುವ ಕೊಂಬೆ, ಇಂಥವನ್ನು ಕಡಿದುಕೊಡುವುದು ಅವರ ಕಸುಬು. ಕೊಂಬೆಯ ತುದಿಗೆ ಬರಿ ಕಾಲನ್ನೇ ನಂಬಿ ನಡೆದುಹೋಗಲಾಗದು. ಹಗ್ಗ ಬೇಕು. ಹಗ್ಗದ ಒಂದು ತುದಿಯನ್ನು ಸೊಂಟದ ಪಟ್ಟಿಗೆ ಕಟ್ಟಿಕೊಂಡು, ಮೇಲಿನ ಗಟ್ಟಿ ಕವಲಿನಲ್ಲಿ ಅದನ್ನು ಹಾಯಿಸಿ ಕೆಳಗಿಳಿಸುತ್ತಿದ್ದರು. ಇಳಿದು ಬಂದ ಎಳೆಯ ಸುತ್ತ ಒಂದು ಸಣ್ಣ ಹುರಿಯನ್ನು ಸುತ್ತಿ ಗಂಟು ಹಾಕಿ, ಆ ಗಂಟನ್ನೂ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಮೈಭಾರ ಬಿದ್ದರೆ ಹುರಿ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಭಾರ ತೆಗೆದು ಕೈಯಿಂದ ನೂಕಿದರೆ ಸರಿಯುತ್ತದೆ. ಹಿಡಿದು, ಸರಿಸಿ, ಮತ್ತೆ ಹಿಡಿದು ಮೇಲಕ್ಕೆ ಹೋಗಬೇಕು. ಹತ್ತುವವನ ಜೀವ ಆ ಗಂಟಿನಲ್ಲಿರುತ್ತದೆ.

ಹುರಿಯ ಸುತ್ತು ಹೆಚ್ಚಾದರೆ ಗಂಟು ಬಿಗಿದುಕೊಂಡು ಅಲ್ಲಾಡುವುದಿಲ್ಲ; ಹತ್ತುವವನು ನಡುವೆ ತೂಗಾಡುತ್ತ ಹೆಣಗಬೇಕು. ಕಡಿಮೆಯಾದರೆ ಗಂಟು ಹಿಡಿಯುವುದಿಲ್ಲ. ಎಷ್ಟು ಸುತ್ತು ಎಂಬುದನ್ನು ಹಗ್ಗದ ದಪ್ಪ, ಹುರಿಯ ದಪ್ಪ, ಹತ್ತುವವನ ಭಾರ, ಆ ದಿನದ ತೇವ ಇವನ್ನು ನೋಡಿ ಆಯಾ ದಿನವೇ ಗೊತ್ತುಮಾಡಬೇಕು. ಇದು ಅವರಿಗೆಲ್ಲ ಗೊತ್ತಿತ್ತು. ಆದರೆ ಅವರಲ್ಲಿ ಒಂದು ಪದ್ಧತಿಯೂ ಬೆಳೆದಿತ್ತು. ಹೊಸಬನಿಗೆ ಆರು ಸುತ್ತು. ಅವನು ಪಳಗಿದ ಮೇಲೆ ಗುಂಪಿನ ಹಿರಿಯನು ಮರದ ಬುಡದಲ್ಲಿ ಎಲ್ಲರನ್ನೂ ನಿಲ್ಲಿಸಿಕೊಂಡು ತನ್ನ ಕೈಯಾರೆ ಒಂದು ಸುತ್ತನ್ನು ಬಿಚ್ಚುತ್ತಿದ್ದ. ಅವರಲ್ಲಿ ಅದೇ ಪದವಿ. ಮನೆಯಲ್ಲಿ ಅಂದು ಸಿಹಿ ಅಡುಗೆ ಮಾಡುತ್ತಿದ್ದರು. ಬಿಚ್ಚಿದ ಸುತ್ತನ್ನು ಮತ್ತೆ ಹಾಕಿಕೊಳ್ಳುವವನು ಕೊಟ್ಟ ಪದವಿಯನ್ನು ಹಿಂದಿರುಗಿಸಿದಂತೆ.

ಆ ಗುಂಪಿನಲ್ಲಿ ಒಬ್ಬನು ನಾಲ್ಕು ಸುತ್ತಿನಲ್ಲಿ ಹತ್ತುತ್ತಿದ್ದ. ಅಷ್ಟು ಕಡಿಮೆಗೆ ಬೇರೆ ಯಾರೂ ಬಂದಿರಲಿಲ್ಲ. ಊರವರು ಅವನನ್ನು ನಾಲ್ಕು ಸುತ್ತಿನವನು ಎಂದೇ ಕರೆಯುತ್ತಿದ್ದರು. ಅವನಿಗೊಬ್ಬ ಜೊತೆಗಾರನಿದ್ದ. ಈ ಜೊತೆಗಾರನೂ ಹಿಂದೆ ಮರ ಹತ್ತುತ್ತಿದ್ದವನೇ, ಐದು ಸುತ್ತಿನವನು. ಒಂದು ಮಳೆಗಾಲದಲ್ಲಿ ಹಗ್ಗ ನೆನೆದಿದೆ ಎಂದು ಅವನು ಇನ್ನೊಂದು ಸುತ್ತು ಹಾಕಿಕೊಂಡ. ಅದನ್ನು ಕಂಡ ನಾಲ್ಕು ಸುತ್ತಿನವನು, "ಏನಪ್ಪಾ, ತೊಟ್ಟಿಲು ಕಟ್ಟಿಕೊಂಡು ಹತ್ತುತ್ತೀಯೋ? ಜೋಗುಳಕ್ಕೆ ಅವ್ವನನ್ನೂ ಕರೆಸೋಣವೇ?" ಎಂದ. ಎಲ್ಲರೂ ನಕ್ಕರು. ಜೊತೆಗಾರನೂ ನಕ್ಕ. ಆದರೆ ಆಮೇಲೆ ಅವನು ಮೊಣಕಾಲು ನೋವು ಎಂದು ಹೇಳಿ ಹತ್ತುವುದನ್ನು ಬಿಟ್ಟ. ಕೆಳಗೆ ನಿಂತು, ಹತ್ತಿದವನ ಹಗ್ಗದ ತುದಿ ಎಲ್ಲಿಯೂ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವುದು, ಕೊಡಲಿ ಕಟ್ಟಿ ಮೇಲೆ ಕಳಿಸುವುದು ಅವನ ಕೆಲಸವಾಯಿತು.

ಒಂದು ದಿನ ಒಬ್ಬ ವರ್ತಕ ಅವರನ್ನು ಕರೆಸಿದ. ಅವನ ಉಗ್ರಾಣದ ಹಿಂದೆ ಒಂದು ಬಸರಿ ಮರ. ಅದರ ಕೊಂಬೆ ಮಾಡಿನ ಮೇಲೆ ಚಾಚಿತ್ತು. ಅಂದು ಅವರು ತಂದದ್ದು ಹೊಸ ಹಗ್ಗ. ಹಳೆಯದು ದಪ್ಪ, ಸವೆದು ನೂಲೆದ್ದದ್ದು. ಹೊಸದು ಸಣ್ಣ, ನುಣ್ಣಗಿನದು. ನಾಲ್ಕು ಸುತ್ತಿನವನು ಅದಕ್ಕೂ ನಾಲ್ಕೇ ಸುತ್ತು ಹಾಕಿದ.

ಹತ್ತುವ ಮೊದಲು ನೆಲದ ಬಳಿಯಲ್ಲೇ ಕಾಲೆತ್ತಿ ಗಂಟಿಗೆ ಪೂರ್ತಿ ಭಾರ ಬಿಟ್ಟು ನೋಡುವುದು ಅವರ ರೂಢಿ. ಅವನೂ ಕಾಲೆತ್ತಿದ. ಗಂಟು ಒಂದು ಗೇಣು ಜಾರಿ ಆಮೇಲೆ ಹಿಡಿಯಿತು. ಅವನು ತಟ್ಟನೆ ಕಾಲೂರಿದ. ಜಾರಿದ್ದು ಅವನಿಗೆ ಗೊತ್ತಾಯಿತು. ಜೊತೆಗಾರನೂ ಕಂಡ. ಬೇರೆಯವರು ಅದನ್ನು ನೋಡಲಿಲ್ಲ.

ಜೊತೆಗಾರ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಅಣ್ಣಾ, ಹಗ್ಗ ಹೊಸದು. ಇನ್ನೊಂದು ಸುತ್ತು ಹಾಕಿಕೋ. ನಾನು ಅಡ್ಡ ನಿಂತಿರುತ್ತೇನೆ, ಯಾರಿಗೂ ಕಾಣುವುದಿಲ್ಲ."

ನಾಲ್ಕು ಸುತ್ತಿನವನ ಮುಖ ಬಿಸಿಯಾಯಿತು. ತಾನು ಯಾರನ್ನು ನೋಡಿ ನಕ್ಕಿದ್ದನೋ ಅವನೇ ಈಗ ತನಗೆ ಮರೆಯಾಗಿ ನಿಲ್ಲುತ್ತೇನೆ ಎನ್ನುತ್ತಿದ್ದಾನೆ. ಆದರೂ ಅವನ ಕೈ ಹುರಿಯ ತುದಿಗೆ ಹೋಯಿತು. ಅಷ್ಟರಲ್ಲಿ ವರ್ತಕ ಮುಂದೆ ಬಂದು, "ನಾಲ್ಕು ಸುತ್ತಿನವನು ನೀನೇ ಏನಯ್ಯಾ? ನಿನ್ನನ್ನು ನೋಡಲೆಂದೇ ಅಂಗಡಿ ಬಿಟ್ಟು ಬಂದಿದ್ದೇನೆ" ಎಂದ. ನಾಲ್ಕು ಸುತ್ತಿನವನು ಕೈಯನ್ನು ಹಿಂದಕ್ಕೆ ತೆಗೆದ.

"ಬಿದ್ದರೆ ಬೀಳುವವನು ನಾನು ತಾನೇ?" ಎಂದು ಜೊತೆಗಾರನಿಗೆ ಹೇಳಿದ. "ನೀನು ಹಗ್ಗ ನೋಡಿಕೋ."

ಹತ್ತುವಾಗ ಏನೂ ಆಗಲಿಲ್ಲ. ಕಾಲಿಗೆ ಕಾಂಡ ಸಿಗುತ್ತಿತ್ತು, ಗಂಟಿನ ಮೇಲೆ ಅರೆಭಾರ. ಮೇಲಕ್ಕೆ ಹೋಗಿ ಅವನು ಕಾಂಡವನ್ನು ಬಿಟ್ಟು ಚಾಚಿದ ಕೊಂಬೆಯ ಕಡೆಗೆ ತೂಗಿಕೊಂಡ. ಆಗ ಪೂರ್ತಿ ಭಾರ ಬಿತ್ತು. ಗಂಟು ಜಾರಿತು. ಅವನು ಹೆದರಿ ಗಂಟನ್ನೇ ಬಾಚಿ ಹಿಡಿದ. ಜಾರುವ ಗಂಟನ್ನು ಕೈಯಿಂದ ಹಿಡಿದರೆ ಅದು ಇನ್ನೂ ಸಡಿಲವಾಗುತ್ತದೆ. ಇದನ್ನು ಎಷ್ಟೋ ಹೊಸಬರಿಗೆ ಅವನೇ ಹೇಳಿಕೊಟ್ಟಿದ್ದ. ಅವನು ಕೆಳಗಿಳಿಯುತ್ತ ಬಂದಂತೆ ಹಗ್ಗದ ತುದಿ ನೆಲದಿಂದ ಮೇಲಕ್ಕೆ ಓಡಿತು.

ಜೊತೆಗಾರ ಆ ತುದಿಯನ್ನು ಎರಡು ಕೈಯಿಂದ ಹಿಡಿದ. ಹಗ್ಗ ಅವನ ಅಂಗೈಯೊಳಗೆ ಓಡಿತು. ಅವನು ಬಿಡಲಿಲ್ಲ. ಓಟ ನಿಧಾನವಾಯಿತು, ಮತ್ತೂ ನಿಧಾನವಾಯಿತು. ನಾಲ್ಕು ಸುತ್ತಿನವನ ಕಾಲು ಮೆಟ್ಟಿಲು ಇಳಿದವನ ಕಾಲಿನ ಹಾಗೆ ನೆಲಕ್ಕೆ ತಾಗಿತು.

ಜನ ಅವನನ್ನು ಸುತ್ತುವರಿದರು. ಮೈಯಲ್ಲಿ ಒಂದು ತರಚು ಗಾಯವೂ ಇರಲಿಲ್ಲ. "ಗಟ್ಟಿ ಆಯುಸ್ಸು ಕಣಯ್ಯಾ ನಿನ್ನದು" ಎಂದು ವರ್ತಕ ಬೆನ್ನು ತಟ್ಟಿ ನೀರು ಕೊಡಿಸಿದ. ಅವನು ನೀರು ಕುಡಿಯುತ್ತ ಜನರ ನಡುವಿನಿಂದ ನೋಡಿದ. ಜೊತೆಗಾರ ಕಾಂಡಕ್ಕೆ ಒರಗಿ ಕುಳಿತು ಎರಡು ಕೈಗಳನ್ನೂ ಟವೆಲಿನೊಳಗೆ ಮುಚ್ಚಿಟ್ಟುಕೊಂಡಿದ್ದ. ಟವೆಲು ಕೆಂಪಾಗುತ್ತಿತ್ತು. ಅವನ ಬಳಿಗೆ ಹೋಗಲು ನಾಲ್ಕು ಸುತ್ತಿನವನಿಗೆ ಕಾಲೇಳಲಿಲ್ಲ. ಹೋಗಿ ಏನು ಹೇಳಬೇಕೆಂದು ಯೋಚಿಸುತ್ತ ಇನ್ನೊಂದು ಲೋಟ ನೀರು ಕೇಳಿದ. ಅವನು ಕುಡಿದು ಮುಗಿಸುವಷ್ಟರಲ್ಲಿ ಬೇರೆಯವರು ಜೊತೆಗಾರನನ್ನು ಗಾಡಿಗೆ ಹತ್ತಿಸಿದ್ದರು.

ಮರುದಿನ ಅದೇ ಮರ, ಅದೇ ಹಗ್ಗ. ನಾಲ್ಕು ಸುತ್ತಿನವನು ಎಲ್ಲರೂ ನೋಡುತ್ತಿರುವಾಗಲೇ ಐದನೆಯ ಸುತ್ತು ಹಾಕಿಕೊಂಡ. ಯಾರೂ ನಗಲಿಲ್ಲ. ಹಿರಿಯ ಬಂದು ಗಂಟು ಮುಟ್ಟಿ ನೋಡಿ, "ಹೂಂ, ಈ ಹಗ್ಗಕ್ಕೆ ಅಷ್ಟು ಬೇಕು" ಎಂದು ಬೇರೆ ಕೆಲಸಕ್ಕೆ ಹೋದ. ಇಷ್ಟೇ ಆದದ್ದು. ಕಾಲೆತ್ತಿ ಭಾರ ಬಿಟ್ಟಾಗ ಗಂಟು ಹಿಡಿಯಿತು. ಅವನು ಹತ್ತಿ ಕೊಂಬೆ ಕಡಿದು ಇಳಿದುಬಂದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಆ ಜೊತೆಗಾರ ಏನಾದ?"

"ಅವನಿಗೆ ಬೆರಳು ಮತ್ತೆ ಮಡಚಲು ಬರಲಿಲ್ಲ, ಇವತ್ತಿಗೂ ಅವನಿಗೆ ಹೆಂಡತಿಯೇ ತುತ್ತಿಡುತ್ತಾಳೆ."